ಹತ್ತು ಸಾವು ಎಣಿಸುವ ಮೊದಲೇ ಕ್ರಾಸ್ ಸರಿಯಾಗಲಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರಸ್ತೆ ಅಪಘಾತದ ಮಾತು ಬಂದರೆ ಯಾರಿಗಾದರೂ ನೆನಪಾಗುವುದು 2023ರ ಅಕ್ಟೋಬರ್ 26ರ ಬೆಳಗು. ದಟ್ಟ ಮಂಜಿನಲ್ಲಿ ಆಂಧ್ರದ ಕಡೆಯಿಂದ ಬರುತ್ತಿದ್ದ ಟಾಟಾ ಸುಮೊ, ಚಿತ್ರಾವತಿ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ಅಷ್ಟು ಜೀವ ಒಂದೇ ಗಳಿಗೆಯಲ್ಲಿ ಹೋದಾಗ ಊರೂ ತಿರುಗಿ ನೋಡುತ್ತದೆ, ರಾಜಧಾನಿಯೂ ತಿರುಗಿ ನೋಡುತ್ತದೆ. ಆದರೆ ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದ ರೈತ, ಬಸ್ಸಿನಿಂದ ಇಳಿದು ಅದರ ಮುಂದಿನಿಂದಲೇ ಹೆಜ್ಜೆ ಹಾಕಿದ ಹೈಸ್ಕೂಲು ಹುಡುಗಿ, ಎದುರು ಬೀದಿಯ ಮಗಳ ಮನೆಗೆ ಹೊರಟ ಅಜ್ಜಿ, ಹೀಗೆ ಒಬ್ಬೊಬ್ಬರಾಗಿ ಹೋಗುವವರ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2023ರಲ್ಲಿ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಯಾವ ವಾಹನದಲ್ಲೂ ಇರಲಿಲ್ಲ, ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಐವರಲ್ಲಿ ಒಬ್ಬರು ಪಾದಚಾರಿ. ಇವೆಲ್ಲ ಮಹಾನಗರಗಳ ಸಾವು ಎಂದುಕೊಂಡರೆ ತಪ್ಪಾದೀತು. 2022ರ ಅಂಕಿಅಂಶದಂತೆ ದೇಶದ ರಸ್ತೆ ಸಾವುಗಳಲ್ಲಿ ಮೂರನೇ ಎರಡು ಪಾಲು ಗ್ರಾಮೀಣ ಪ್ರದೇಶದವು.

ಉದಾಹರಣೆಗೆ ನಗರಗೆರೆ, ಗೌರಿಬಿದನೂರು ತಾಲ್ಲೂಕಿನ ಗಡಿಭಾಗದ ಹೋಬಳಿ. ಇಂಥ ಹೋಬಳಿ ಊರುಗಳಲ್ಲಿ, ಹಾಗೆಯೇ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಬಡಾವಣೆಗಳಲ್ಲಿ, ಜನವಸತಿಯ ಬೀದಿ ಬಂದು ಮುಖ್ಯರಸ್ತೆಗೆ ಕೂಡುವ ಜಾಗವನ್ನು ಜನ ಕ್ರಾಸ್ ಎನ್ನುತ್ತಾರೆ, ಇಲ್ಲವೇ ಗೇಟ್ ಎನ್ನುತ್ತಾರೆ. ಬಸ್ಸು ನಿಲ್ಲುವುದು ಅಲ್ಲೇ. ಬೀಡಾ ಅಂಗಡಿ, ಟೀ ಅಂಗಡಿ, ಪಂಕ್ಚರ್ ಅಂಗಡಿ, ಆಟೊ ನಿಲ್ದಾಣ ಎಲ್ಲವೂ ಅಲ್ಲೇ. ಹಾಲಿನ ಡೇರಿ ಹಲವು ಊರುಗಳಲ್ಲಿ ರಸ್ತೆಯ ಒಂದು ಬದಿಗಿದ್ದರೆ ಅರ್ಧ ಊರು ಇನ್ನೊಂದು ಬದಿಗಿರುತ್ತದೆ. ಹೀಗಾಗಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಜನ ರಸ್ತೆ ದಾಟಲೇಬೇಕು. ಅದೇ ಹೊತ್ತಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡ ಬೈಕುಗಳು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಗೂಡ್ಸ್ ಆಟೊಗಳು, ಹೂವು ತರಕಾರಿಯ ಪಿಕಪ್‌ಗಳು ಹೊತ್ತು ಮೀರಬಾರದೆಂದು ಓಡುತ್ತಿರುತ್ತವೆ. ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೆ, 2023ರಿಂದೀಚೆಗೆ ಆವಲಗುರ್ಕಿಯ ಆದಿಯೋಗಿಗೆ ಬೆಂಗಳೂರಿನಿಂದ ಹೊರಟ ಕಾರುಗಳು ಇದಕ್ಕೆ ಸೇರುತ್ತವೆ. ಹಿಂದೂಪುರಕ್ಕೆ ಹೋಗುವ ರಾಜ್ಯ ಹೆದ್ದಾರಿ 9, ಮಧುಗಿರಿ ಕಡೆಯಿಂದ ಬಂದು ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 69, ಎರಡಕ್ಕೂ ದಾರಿಯುದ್ದಕ್ಕೂ ಇಂಥ ಕ್ರಾಸುಗಳಿವೆ. ಡಾಂಬರು ಹೊಸದಾಗಿ ಬಿದ್ದಾಗ, ರಸ್ತೆ ಅಗಲವಾದಾಗ ಊರಿನವರು ಸಂತೋಷಪಡುತ್ತಾರೆ. ಆಮೇಲೆ ವಾಹನಗಳ ವೇಗ ಏರುತ್ತದೆ. ದಾಟಬೇಕಾದ ದೂರವೂ ಏರಿರುತ್ತದೆ.

ಇಂಥ ಕ್ರಾಸಿನ ಬಗ್ಗೆ ಊರಿನವರು ಅರ್ಜಿ ಕೊಟ್ಟರೆ ಅಧಿಕಾರಿಗಳ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಲ್ಲಿ ಎಷ್ಟು ಅಪಘಾತವಾಗಿದೆ? ಈ ಪ್ರಶ್ನೆಯ ಹಿಂದೆ ಒಂದು ವ್ಯಾಖ್ಯೆಯ ನೆರಳಿದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬ್ಲ್ಯಾಕ್ ಸ್ಪಾಟ್ ಗುರುತಿಸಲು ಕೇಂದ್ರ ಸಚಿವಾಲಯ ಅನುಸರಿಸುತ್ತ ಬಂದಿರುವ ಅಳತೆಯಂತೆ, ಸುಮಾರು 500 ಮೀಟರ್ ಉದ್ದದ ತುಣುಕಿನಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು ನಡೆದಿರಬೇಕು, ಇಲ್ಲವೇ ಒಟ್ಟು ಹತ್ತು ಸಾವುಗಳು ಸಂಭವಿಸಿರಬೇಕು. ಹಣ, ಆದ್ಯತೆ, ಎಂಜಿನಿಯರುಗಳ ಗಮನ ಹರಿಯುವುದು ಈ ಪಟ್ಟಿಯ ಕಡೆಗೆ. ಹೆದ್ದಾರಿಗಾಗಿ ಮಾಡಿದ ಈ ಅಳತೆ ಅಲ್ಲಿಗೆ ಸರಿಯಿರಬಹುದು. ದಿನಕ್ಕೆ ಹತ್ತಾರು ಸಾವಿರ ವಾಹನ ಓಡುವ ಕಡೆ ಮೂರು ವರ್ಷದ ಲೆಕ್ಕ ಏನನ್ನಾದರೂ ಹೇಳುತ್ತದೆ. ಆದರೆ ಇದೇ ಮನೋಭಾವವನ್ನು ಹೋಬಳಿ ಊರಿನ ಕ್ರಾಸಿಗೂ, ಪಟ್ಟಣದ ಬಡಾವಣೆಯ ಮೂಲೆಗೂ ತಂದು ಕೂರಿಸಿದರೆ ಫಲಿತಾಂಶ ಕ್ರೂರವಾಗುತ್ತದೆ. ಕ್ರಾಸಿನ ಅಪಾಯವನ್ನು ಅಲ್ಲಿ ಬಿದ್ದ ಹೆಣಗಳಿಂದ ಅಳೆಯುವ ಪದ್ಧತಿಯನ್ನು ಬಿಡಬೇಕು. ಅದರ ಆಕಾರ, ಅಲ್ಲಿ ಓಡುವ ವಾಹನಗಳ ವೇಗ, ಅಲ್ಲಿ ದಿನವೂ ಕೂದಲೆಳೆಯಲ್ಲಿ ತಪ್ಪುವ ಡಿಕ್ಕಿಗಳು, ಈ ಮೂರನ್ನು ಅಳೆದು ಮೊದಲ ಸಾವಿಗೆ ಮುನ್ನವೇ ಸರಿಪಡಿಸಬೇಕು. ಈ ಲೇಖನದ ವಾದ ಇಷ್ಟೇ. ಮುಂದಿನದು ಅದಕ್ಕೆ ಆಧಾರ.

ಸಣ್ಣ ಸಂಖ್ಯೆಗಳು ಎಷ್ಟು ಮೋಸ ಮಾಡುತ್ತವೆ ಎನ್ನುವುದನ್ನು ಮೊದಲು ನೋಡೋಣ. ಒಂದು ಕ್ರಾಸು ನಿಜಕ್ಕೂ ಅಪಾಯದ್ದು, ಸರಾಸರಿ ಐದು ವರ್ಷಕ್ಕೆ ಒಂದು ಜೀವ ತೆಗೆಯುವಂಥದ್ದು ಎಂದುಕೊಳ್ಳಿ. ಮೂರು ವರ್ಷದ ದಾಖಲೆ ತೆರೆದರೆ ಅಲ್ಲಿ ಒಂದೂ ಸಾವು ಕಾಣದಿರುವ ಸಂಭವ ಎಷ್ಟು? ಸಂಭವನೀಯತೆಯ ಸರಳ ಗಣಿತ ಹಾಕಿದರೆ ಶೇಕಡಾ 55. ಅರ್ಧಕ್ಕಿಂತ ಹೆಚ್ಚು ಸಲ ಆ ಕ್ರಾಸು ಕಡತದಲ್ಲಿ ನಿರಪರಾಧಿಯಾಗಿ ಕಾಣುತ್ತದೆ. ಇಂಥ ನೂರು ಕ್ರಾಸು ಒಂದು ಜಿಲ್ಲೆಯಲ್ಲಿದ್ದರೆ ಅವೆಲ್ಲ ಸೇರಿ ವರ್ಷಕ್ಕೆ 20, ಮೂರು ವರ್ಷಕ್ಕೆ 60 ಜನರನ್ನು ಕೊಲ್ಲುತ್ತವೆ. ಚಿತ್ರಾವತಿಯ ದುರಂತದ ನಾಲ್ಕು ಪಟ್ಟಿಗೂ ಮಿಕ್ಕಿದ ಸಾವು ಇದು. ಆದರೂ ನೂರರಲ್ಲಿ ಒಂದಕ್ಕೂ ಹತ್ತು ಸಾವಿನ ಗೆರೆ ಮುಟ್ಟುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಸಾವುಗಳು ಹಂಚಿಹೋಗಿವೆ ಎಂಬ ಒಂದೇ ಕಾರಣಕ್ಕೆ ಯಾವ ಮೂಲೆಯೂ ತಪ್ಪಿತಸ್ಥನಾಗುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಆಗುತ್ತದೆ. ಎಲ್ಲೋ ಆಕಸ್ಮಿಕವಾಗಿ ಒಂದೇ ವರ್ಷ ಎರಡು ಸಾವಾದರೆ ಜನ ರಸ್ತೆ ತಡೆ ನಡೆಸುತ್ತಾರೆ, ರಾತ್ರೋರಾತ್ರಿ ಅಲ್ಲೊಂದು ಉಬ್ಬು ಏಳುತ್ತದೆ. ಮುಂದಿನ ವರ್ಷ ಸಾವಾಗದಿದ್ದರೆ ಉಬ್ಬಿನಿಂದಲೇ ಉಳಿಯಿತು ಎನ್ನುತ್ತೇವೆ. ಉಬ್ಬು ಹಾಕದಿದ್ದರೂ ಹೆಚ್ಚಿನ ಪಾಲು ಸಾವು ಆಗುತ್ತಿರಲಿಲ್ಲ. ಅತ್ತ, ಯಾರೂ ಗಮನಿಸದ ಪಕ್ಕದ ಊರಿನ ಕ್ರಾಸು ತನ್ನ ಸರದಿಗೆ ಕಾಯುತ್ತಿರುತ್ತದೆ.

ತೀವ್ರ ಗಾಯದ ಐದು ಅಪಘಾತ ಎಂಬ ಇನ್ನೊಂದು ಅಳತೆ ಇದೆಯಲ್ಲ, ಅದು ಹಳ್ಳಿಯನ್ನು ಕಾಯುವುದಿಲ್ಲವೇ ಎಂದು ಕೇಳಬಹುದು. ಕಾಯಬೇಕಾದರೆ ಆ ಅಪಘಾತಗಳು ದಾಖಲಾಗಬೇಕು. ಊರಿನ ಕ್ರಾಸಿನಲ್ಲಿ ಬೈಕು ಗುದ್ದಿ ಕಾಲು ಮುರಿದರೆ ಆಗುವುದೇನು ಎಂದು ಗ್ರಾಮಾಂತರದಲ್ಲಿ ಬದುಕುವ ಎಲ್ಲರಿಗೂ ಗೊತ್ತು. ಗುದ್ದಿದವನು ಪಕ್ಕದ ಊರಿನವನೇ ಆಗಿರುತ್ತಾನೆ, ಪರಿಚಯದವನೋ ನೆಂಟನೋ ಆಗಿರುತ್ತಾನೆ. ಹಿರಿಯರು ಕೂರಿಸಿ ರಾಜಿ ಮಾಡಿಸುತ್ತಾರೆ, ಆಸ್ಪತ್ರೆಯ ಖರ್ಚಿಗೆ ಒಂದಿಷ್ಟು ಹಣ ಕೈ ಬದಲಾಗುತ್ತದೆ. ಎಫ್‌ಐಆರ್ ಆಗುವುದಿಲ್ಲ. ಕೇಂದ್ರ ಸರ್ಕಾರ ಐಐಟಿ ಮದ್ರಾಸ್ ಮತ್ತು ಎನ್‌ಐಸಿ ನೆರವಿನಿಂದ ಐರ್ಯಾಡ್ ಎಂಬ ಸಮಗ್ರ ಅಪಘಾತ ದತ್ತಾಂಶ ವ್ಯವಸ್ಥೆ ತಂದಿದೆ. ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆ. ಬಹಳ ಒಳ್ಳೆಯ ಕೆಲಸ, ಆದರೆ ಠಾಣೆಗೆ ಬಾರದ ಅಪಘಾತ ಆ ಯಂತ್ರದೊಳಗೂ ಹೋಗದು. ಇನ್ನು ದಾಟಲು ಹೆದರಿ ಡೇರಿಗೆ ಹೋಗುವುದನ್ನೇ ಬಿಟ್ಟ ಮುದುಕರು, ಸೈಕಲ್ಲಿದ್ದೂ ಶಾಲೆಗೆ ತರಲು ಮನೆಯವರು ಬಿಡದ ಮಕ್ಕಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಒಂದು ಕ್ರಾಸು ಅಷ್ಟು ಭಯಂಕರವಾಗಿ ಜನ ಅದನ್ನು ತಪ್ಪಿಸಲು ಕಲಿತರೆ ಅಲ್ಲಿ ಅಪಘಾತ ಕಡಿಮೆಯಾಗುತ್ತದೆ. ಅಂಕಿಅಂಶ ಅದನ್ನು ಸುರಕ್ಷಿತ ಎನ್ನುತ್ತದೆ!

ಹಾಗಾದರೆ ಸಾವಿಗೆ ಕಾಯದೆ ಅಳೆಯುವುದು ಹೇಗೆ? 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಪ್ರಯೋಗಾಲಯದ ಸಂಶೋಧಕರು ಕೂಡುರಸ್ತೆಯ ಪಕ್ಕ ನಿಂತು, ಡಿಕ್ಕಿ ತಪ್ಪಿಸಲು ಚಾಲಕರು ಥಟ್ಟನೆ ಬ್ರೇಕ್ ಹಾಕಿದ ಅಥವಾ ಪಕ್ಕಕ್ಕೆ ಹೊರಳಿದ ಸಂದರ್ಭಗಳನ್ನು ಎಣಿಸುವ ವಿಧಾನ ಶುರುಮಾಡಿದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟರ್ ಹೈಡನ್ ಮುಂದೆ ಅದನ್ನು ಶಿಸ್ತಿನ ವಿಧಾನವಾಗಿ ಬೆಳೆಸಿದರು. ತರಬೇತಿ ಪಡೆದ ವೀಕ್ಷಕ ವಾಹನದ ವೇಗ ಎಷ್ಟಿತ್ತು, ಡಿಕ್ಕಿಯ ಬಿಂದು ಎಷ್ಟು ದೂರವಿತ್ತು ಎಂದು ಗುರುತಿಸಿ, ಎಷ್ಟು ಸೆಕೆಂಡಿನಲ್ಲಿ ಅನಾಹುತ ತಪ್ಪಿತು ಎಂದು ಲೆಕ್ಕ ಹಾಕುತ್ತಾನೆ. ಸಾವು ಅಪರೂಪ, ಗಾಯ ಅದಕ್ಕಿಂತ ಹೆಚ್ಚು, ತಪ್ಪಿದ ಡಿಕ್ಕಿಗಳು ದಿನನಿತ್ಯದವು. ಐದು ವರ್ಷ ಕಾದು ಸಿಗುವ ಮಾಹಿತಿಗಿಂತ ಹೆಚ್ಚಿನದು ಕೆಲವು ದಿನಗಳ ವೀಕ್ಷಣೆಯಲ್ಲಿ ಸಿಗುತ್ತದೆ. ಈಗಂತೂ ಕಂಬಕ್ಕೆ ಕಟ್ಟಿದ ಸಾಧಾರಣ ಕ್ಯಾಮೆರಾದ ದೃಶ್ಯ ಸಾಕು. ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ನಮ್ಮ ರಸ್ತೆಗಳಲ್ಲಿ ಎತ್ತಿನಗಾಡಿಯಿಂದ ಟಿಪ್ಪರ್‌ವರೆಗೆ ಎಲ್ಲವೂ ಒಟ್ಟಿಗೆ ಓಡುತ್ತವೆ, ಒಂದನ್ನೊಂದು ತಾಕುವಷ್ಟು ಹತ್ತಿರ ಹಾಯುವುದೇ ವಾಡಿಕೆ. ಸಂತೆಯ ದಿನ ಚಿಂತಾಮಣಿಯ ಪೇಟೆಯಲ್ಲಿ ನಿಮಿಷಕ್ಕೊಂದು ಡಿಕ್ಕಿ ತಪ್ಪೀತು, ಆದರೆ ಯಾರೂ ಸಾಯುವುದಿಲ್ಲ. ಖಾಲಿಯಾಗಿ ಕಾಣುವ ಊರಾಚೆಯ ಕ್ರಾಸಿನಲ್ಲಿ ದಿನಕ್ಕೆ ಎರಡೇ ತಪ್ಪಿದರೂ ಅವೆರಡೂ ಮಾರಣಾಂತಿಕ. ವ್ಯತ್ಯಾಸವಿರುವುದು ವೇಗದಲ್ಲಿ. ಆದ್ದರಿಂದ ತಪ್ಪಿದ ಡಿಕ್ಕಿಗಳ ಎಣಿಕೆಯನ್ನು ವೇಗದ ಅಳತೆಯ ಜೊತೆಗಿಟ್ಟು ಮಾತ್ರ ಓದಬೇಕು.

ವೇಗದ ವಿಷಯದಲ್ಲಿ ಗಣಿತ ಅನುಮಾನಕ್ಕೆ ಎಡೆಯೇ ಕೊಡುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದರೂ, ಬ್ರೇಕ್ ಹಿಡಿಯುವಷ್ಟರಲ್ಲೇ 14 ಮೀಟರ್ ಮುಗಿದಿರುತ್ತದೆ. 30 ಕಿ.ಮೀ. ವೇಗದಲ್ಲಿದ್ದವನು ಅದೇ ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ಚಿಲ್ಲರೆ ಸಾಗಿ, ಒಣಗಿದ ಒಳ್ಳೆಯ ರಸ್ತೆಯಲ್ಲಿ ಇನ್ನೈದು ಮೀಟರಿನಲ್ಲಿ ಪೂರ್ತಿ ನಿಲ್ಲುತ್ತಾನೆ. ಮಗು 14 ಮೀಟರ್ ದೂರದಲ್ಲಿದ್ದರೆ ಒಬ್ಬನ ವಾಹನ ಅದರ ಮುಂದೆ ನಿಂತಿರುತ್ತದೆ, ಇನ್ನೊಬ್ಬನದು ವೇಗ ಒಂದಿಷ್ಟೂ ತಗ್ಗದೆ ಗುದ್ದಿರುತ್ತದೆ. ಕಾರು ಗುದ್ದಿದ ಪಾದಚಾರಿ ಸಾಯುವ ಅಪಾಯ 50ರಿಂದ 65 ಕಿ.ಮೀ.ಗೆ ಏರುವಾಗ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಾಸರಿ ವೇಗ ಶೇಕಡಾ 1 ಏರಿದರೆ ಮಾರಕ ಅಪಘಾತದ ಅಪಾಯ ಶೇಕಡಾ 4 ಏರುತ್ತದೆ ಎಂಬುದೂ ಅದರದೇ ಲೆಕ್ಕ. ಈಗ ದಾಟುವವರ ಕಡೆಯಿಂದ ನೋಡಿ. ಎರಡು ಪಥದ ಏಳು ಮೀಟರ್ ರಸ್ತೆ ದಾಟಲು ಆರೋಗ್ಯವಂತರಿಗೆ ಆರು ಸೆಕೆಂಡು, ಮಂಡಿನೋವಿನ ಹಿರಿಯರಿಗೆ ಎಂಟೊಂಬತ್ತು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂಬತ್ತು ಸೆಕೆಂಡಿನಲ್ಲಿ 150 ಮೀಟರ್ ಬರುತ್ತದೆ. ಅಂದರೆ ಅಜ್ಜಿ ಹೆಜ್ಜೆಯಿಡುವ ಮುನ್ನ ಎರಡೂ ಕಡೆ 150 ಮೀಟರ್ ದೂರದವರೆಗೆ ಕಾಣಬೇಕು. ಮೂಲೆಯಲ್ಲಿ ಒಂದು ಟೆಂಪೊ ನಿಂತಿದ್ದರೆ, ಫ್ಲೆಕ್ಸ್ ಕಟ್ಟಿದ್ದರೆ, ತಿರುವಿದ್ದರೆ ಅವರಿಗೆ 30 ಮೀಟರ್ ಕಂಡರೆ ಹೆಚ್ಚು. ಅಂಥ ಕಡೆ ಎಷ್ಟೇ ಎಚ್ಚರದಿಂದ ನೋಡಿ ದಾಟಿದರೂ ಆಕೆಯ ಎಚ್ಚರಕ್ಕೆ ಬೆಲೆಯಿಲ್ಲ.

ಇಷ್ಟಿದ್ದೂ ಕಾನೂನಿನ ಆರಂಭದ ಮಿತಿ ಎಷ್ಟೆಂದು ತಿಳಿದರೆ ಆಶ್ಚರ್ಯವಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ಪುರಸಭೆ ನಗರಸಭೆ ವ್ಯಾಪ್ತಿಯ ರಸ್ತೆಗಳಲ್ಲೂ ಕಾರಿಗೆ ಗಂಟೆಗೆ 70, ಬೈಕಿಗೆ 60 ಕಿ.ಮೀ. ಗರಿಷ್ಠ ಮಿತಿ. ಬೇರೆ ಫಲಕ ಇಲ್ಲದಿದ್ದರೆ ಬಡಾವಣೆಯ ಬೀದಿಯ ತುದಿಯಲ್ಲೂ ಇದೇ ಅನ್ವಯ. ಆದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 112, ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ಜಾಗದಲ್ಲಿ ಇದಕ್ಕಿಂತ ಕಡಿಮೆ ಮಿತಿ ಹೇರುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ನೀಡಿದೆ. ಫಲಕ ಹಾಕಿದರೆ ಆ ಮಿತಿ ಕಾನೂನೇ. ಅಂದಮೇಲೆ ಜನವಸತಿಯ ಕ್ರಾಸುಗಳಲ್ಲಿ 30ರ ಮಿತಿ ತರಲು ಹೊಸ ಕಾಯ್ದೆ ಬೇಕಿಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಜಾಗತಿಕ ಸಮ್ಮೇಳನದ ಘೋಷಣೆ ಕೇಳಿದ್ದೂ ಇದನ್ನೇ: ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಈ ಮಿತಿ ತಂದ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2025ರ ಮಧ್ಯಭಾಗಕ್ಕೆ ಮುಗಿದ ಹನ್ನೆರಡು ತಿಂಗಳಲ್ಲಿ ರಸ್ತೆ ಅಪಘಾತದಿಂದ ಒಬ್ಬರೂ ಸಾಯಲಿಲ್ಲ.

ಆದರೆ ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ರಸ್ತೆಯ ಆಕಾರವೇ ಚಾಲಕನಿಗೆ ನಿಧಾನಿಸು ಎಂದು ಹೇಳಬೇಕು. ಮೂಲೆಯನ್ನು ದೊಡ್ಡ ಬಳುಕಿನಲ್ಲಿ ಬಿಟ್ಟರೆ ಬೈಕು, ಕಾರು ವೇಗ ತಗ್ಗಿಸದೆ ಹೊರಳುತ್ತವೆ, ದಾಟುವ ದೂರವೂ ಹಿಗ್ಗುತ್ತದೆ. ಮೂಲೆಯನ್ನು ಬಿಗಿ ಮಾಡಿದರೆ ಎರಡೂ ಕುಗ್ಗುತ್ತವೆ. ಇದನ್ನು ಮೊದಲ ದಿನವೇ ಕಾಂಕ್ರೀಟಿನಲ್ಲಿ ಮಾಡಬೇಕೆಂದೇನೂ ಇಲ್ಲ. ಬಣ್ಣ, ಪ್ಲಾಸ್ಟಿಕ್ ಕಂಬ, ಮರಳು ತುಂಬಿದ ಡ್ರಮ್ಮುಗಳಿಂದ ಗುರುತು ಮಾಡಿ ಒಂದು ತಿಂಗಳು ನೋಡಬಹುದು. ಮುಂಬೈನ ಕೆಲವು ಜಂಕ್ಷನ್‌ಗಳಲ್ಲಿ ಹೀಗೆ ಪ್ರಯೋಗ ಮಾಡಿ ನೋಡಿದ್ದಾರೆ. ಎರಡನೆಯದು, ಮೂಲೆಯ ನೋಟ ತೆರೆದಿರಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೋಬೋಕನ್ ಎಂಬ ಊರಿದೆ. ಜನಸಂಖ್ಯೆ 60 ಸಾವಿರದ ಆಸುಪಾಸು, 2011ರ ಚಿಕ್ಕಬಳ್ಳಾಪುರ ನಗರದಷ್ಟೇ. ಅಲ್ಲಿನ ಆಡಳಿತ ಕೂಡುರಸ್ತೆಗಳ ಮೂಲೆಗಳಿಂದ ನಿಂತ ವಾಹನಗಳನ್ನು ತೆಗೆಸಿತು, ಆ ಜಾಗದಲ್ಲಿ ಕಂಬ ನೆಟ್ಟಿತು, ಇಲ್ಲವೇ ಫುಟ್‌ಪಾತನ್ನೇ ಮುಂದಕ್ಕೆ ಚಾಚಿತು. ವೇಗದ ಮಿತಿಯನ್ನೂ ಇಳಿಸಿತು. 2017ರಿಂದ ಏಳು ವರ್ಷಕ್ಕೂ ಹೆಚ್ಚು ಕಾಲ ಆ ಊರಿನ ಬೀದಿಗಳಲ್ಲಿ ರಸ್ತೆ ಅಪಘಾತದ ಒಂದು ಸಾವೂ ಆಗಲಿಲ್ಲ. ನಮ್ಮ 2017ರ ವಾಹನ ಚಾಲನಾ ನಿಯಮಗಳೂ ಕೂಡುರಸ್ತೆಯ ಬಳಿ ವಾಹನ ನಿಲ್ಲಿಸುವುದನ್ನು ನಿಷೇಧಿಸಿವೆ, ದಾಟುವ ಪಟ್ಟಿಯಲ್ಲಿ ಪಾದಚಾರಿಗೆ ದಾರಿ ಬಿಡಬೇಕೆಂದೂ ಹೇಳಿವೆ. ಕಾನೂನು ಇದೆ. ಮೂಲೆಯಲ್ಲಿ ಅದನ್ನು ನೆನಪಿಸುವ ವಸ್ತು ಇಲ್ಲ.

ಮೂರನೆಯದು ಉಬ್ಬು. ಇದರ ಬಗ್ಗೆ ಜನರಿಗಿರುವ ಕೋಪ ನ್ಯಾಯವಾದದ್ದು. ನಮ್ಮೂರುಗಳ ಹಂಪುಗಳು ಮೋಟು ದಿಣ್ಣೆಗಳು. ಗರ್ಭಿಣಿಯರ, ಬೆನ್ನುನೋವಿನವರ ಪಾಲಿಗೆ ಶಿಕ್ಷೆ, ಬಣ್ಣವಿಲ್ಲದಿದ್ದರೆ ರಾತ್ರಿ ಬೈಕಿನವರ ಪಾಲಿಗೆ ಯಮ. ಆದರೆ ಇಂಡಿಯನ್ ರೋಡ್ ಕಾಂಗ್ರೆಸ್ ದಶಕಗಳ ಹಿಂದೆಯೇ ಹೇಳಿರುವ ಉಬ್ಬು ಬೇರೆಯದೇ. ಅಗಲ 3.7 ಮೀಟರ್, ಎತ್ತರ ಹತ್ತು ಸೆಂಟಿಮೀಟರ್, ದುಂಡಗೆ ಏರಿ ಇಳಿಯುವಂಥದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟಬಲ್ಲದ್ದು. ಕಪ್ಪುಬಿಳಿ ಪಟ್ಟೆ ಬಳಿದು, 40 ಮೀಟರ್ ಮೊದಲೇ ಫಲಕ ಹಾಕಬೇಕು. ಅದರ ನೆತ್ತಿಯನ್ನು ಚಪ್ಪಟೆ ಮಾಡಿ ಜೀಬ್ರಾ ಪಟ್ಟಿ ಬಳಿದರೆ ಎತ್ತರಿಸಿದ ದಾಟುದಾರಿಯಾಗುತ್ತದೆ. ದಾಟುವವರು ಕಣ್ಣಿಗೆ ಬೀಳುತ್ತಾರೆ, ವಾಹನ ತಾನಾಗಿ ನಿಧಾನಿಸುತ್ತದೆ. ಸಮತಟ್ಟಾದ ರಸ್ತೆಯ ಮೇಲೆ ಬರೀ ಬಿಳಿ ಪಟ್ಟಿ ಬಳಿದು ಬಿಡುವುದು ಇದಕ್ಕಿಂತ ಕೆಟ್ಟದ್ದು, ಅದು ದಾಟುವವರಿಗೆ ಮಾತ್ರ ಧೈರ್ಯ ಕೊಡುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಉಬ್ಬಿಗೆ ಅವಕಾಶವಿಲ್ಲ. ಹಾಗಾಗಿ ಹೆದ್ದಾರಿ 69 ಹಾಯುವ ಊರುಗಳಲ್ಲಿ ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ದ್ವೀಪ, ಪಥ ಕಿರಿದಾಗಿಸುವ ಗುರುತು, ವೇಗ ಅಳೆಯುವ ಕ್ಯಾಮೆರಾ ಮುಂತಾದ ಬೇರೆ ದಾರಿ ಹಿಡಿಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸಾವುಗಳು ಏರಿದಾಗ ಪೊಲೀಸರು ವೇಗದ ಮೇಲೆ ಕ್ಯಾಮೆರಾ ಕಣ್ಣಿಟ್ಟರು, ಆಗಸ್ಟ್ 1ರಿಂದ ಹೆದ್ದಾರಿ ಪ್ರಾಧಿಕಾರ ಬೈಕು, ಆಟೊಗಳನ್ನು ಮುಖ್ಯಪಥದಿಂದ ಹೊರಗಿಟ್ಟಿತು. ಆಮೇಲೆ ಸಾವು ಗಣನೀಯವಾಗಿ ಇಳಿದವು. ವೇಗ ನಮ್ಮ ಜನರ ಹುಟ್ಟುಗುಣ, ಅದನ್ನು ತಡೆಯಲಾಗದು ಎನ್ನುವವರಿಗೆ ಇದು ಉತ್ತರ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಆಕ್ಷೇಪ, ಜನರೇ ಸರಿಯಿಲ್ಲ ಎಂಬುದು. ಕಂಡಕಂಡಲ್ಲಿ ದಾಟುತ್ತಾರೆ, ಫೋನು ಕಿವಿಗಿಟ್ಟು ನಡೆಯುತ್ತಾರೆ, ಮಕ್ಕಳನ್ನು ಬಿಟ್ಟುಬಿಡುತ್ತಾರೆ. ಇದರಲ್ಲಿ ನಿಜವಿದೆ. ಆದರೆ ಕಂಡಲ್ಲಿ ದಾಟುವವರು ದಾಟುವುದು ಸಾಮಾನ್ಯವಾಗಿ ತಮ್ಮ ಕೆಲಸದ ನೇರದಲ್ಲಿ: ಬಸ್ಸು ನಿಲ್ಲುವ ಕಡೆಯಿಂದ ಬೀದಿಯ ಬಾಯಿಗೆ, ಮನೆಯಿಂದ ಡೇರಿಗೆ. ಅವರು ಎಲ್ಲಿ ದಾಟುತ್ತಾರೆ ಎಂಬುದನ್ನೇ ನೋಡಿ ದಾರಿ ಮಾಡಿದರೆ ಅವರು ಸರಿಯಾದ ಜಾಗದಲ್ಲೇ ದಾಟುತ್ತಾರೆ. ಸ್ಕೈವಾಕ್ ಕಟ್ಟಿ, ಹತ್ತಿ ಇಳಿದು ಹೋಗಿ ಎನ್ನುವುದು ಮಂಡಿ ಸವೆದವರಿಗೆ, ಹೊರೆ ಹೊತ್ತವರಿಗೆ ಹೇಳುವ ಮಾತಲ್ಲ. ಏಳು ಮೀಟರ್ ನಡೆಯಬೇಕಾದವರನ್ನು ಎರಡು ಮಹಡಿ ಹತ್ತಿಸುವುದು ವಾಹನಕ್ಕೆ ಮಾಡಿದ ಅನುಕೂಲ. ಇನ್ನೂ ಆಳದ ಉತ್ತರ ಸ್ವೀಡನ್ 1997ರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡ ಶೂನ್ಯ ಸಾವಿನ ನೀತಿಯಲ್ಲಿದೆ. ಮನುಷ್ಯ ತಪ್ಪು ಮಾಡುತ್ತಾನೆ, ಮಾಡಿಯೇ ಮಾಡುತ್ತಾನೆ. ಆ ತಪ್ಪಿಗೆ ಪ್ರಾಣದ ಬೆಲೆ ತೆರುವಂತಾಗದ ಹಾಗೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂದು ಅದು ಹೇಳುತ್ತದೆ. ಹತ್ತು ವರ್ಷದ ಹುಡುಗ ಚೆಂಡಿನ ಹಿಂದೆ ಓಡಿದ್ದು ತಪ್ಪೇ ಇರಬಹುದು, ಅದಕ್ಕೆ ಮರಣದಂಡನೆ ಸಲ್ಲದು.

ಉಳಿದ ಆಕ್ಷೇಪಗಳಿಗೆ ಇಷ್ಟು ಹೊತ್ತು ಬೇಡ. ಸಮಯ ಹಾಳು ಎನ್ನುವವರಿಗೆ: ಊರಿನ ನಡುವಿನ 200 ಮೀಟರನ್ನು 60ರ ಬದಲು 30ರಲ್ಲಿ ಹಾಯ್ದರೆ ಹೆಚ್ಚಾಗುವುದು 12 ಸೆಕೆಂಡು. ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಇಂಥ ಹತ್ತು ಊರು ಸಿಕ್ಕರೂ ಎರಡು ನಿಮಿಷ. ಆಂಬುಲೆನ್ಸಿನ ಪ್ರಶ್ನೆ ಗಂಭೀರವಾದದ್ದು, ಆದರೆ ನಿಯಮದ ಅಳತೆಯ ಉಬ್ಬು ಅದನ್ನು ತಡೆದು ನಿಲ್ಲಿಸುವುದಿಲ್ಲ, ಮೋಟು ದಿಣ್ಣೆ ನಿಲ್ಲಿಸುತ್ತದೆ. ಮೂಲೆಯಲ್ಲಿ ಗಾಡಿ ನಿಲ್ಲಿಸಲು ಬಿಡದಿದ್ದರೆ ವ್ಯಾಪಾರ ಹೋಗುತ್ತದೆ ಎನ್ನುವ ಅಂಗಡಿಯವರ ಆತಂಕವನ್ನು ಮಾತ್ರ ತಳ್ಳಿಹಾಕಬಾರದು. ಅವರೂ ಆ ಊರಿನವರೇ, ಅವರ ಮಕ್ಕಳೂ ಆ ಕ್ರಾಸು ದಾಟುವವರೇ. ಮೂಲೆಯಿಂದ ಸ್ವಲ್ಪ ಒಳಗೆ ಗಾಡಿ ನಿಲ್ಲುವ ಜಾಗ ಗುರುತಿಸಿ ಕೊಟ್ಟೇ ಮೂಲೆ ತೆರವು ಮಾಡಬೇಕು. ದುಡ್ಡಿನ ಮಾತಿಗೆ ಬಂದರೆ, ಬಣ್ಣ, ಕಂಬ, ಎರಡು ಫಲಕ, ಒಂದು ಒಳ್ಳೆಯ ಬೀದಿದೀಪ ಇವಿಷ್ಟರ ಖರ್ಚನ್ನು ಹೊಸ ಡಾಂಬರಿನ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ರಸ್ತೆ ಅಗಲ ಮಾಡುವ ಅಂದಾಜುಪಟ್ಟಿಯಲ್ಲೇ ಇದೂ ಒಂದು ಬಾಬ್ತಾಗಿ ಸೇರಬೇಕು.

ನಿಜವಾದ ಗಂಟು ಇರುವುದು ಒಡೆತನದಲ್ಲಿ. ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು ಅಥವಾ ಹೆದ್ದಾರಿ ವಿಭಾಗದ್ದು. ಅದಕ್ಕೆ ಬಂದು ಕೂಡುವ ಬೀದಿ ಗ್ರಾಮ ಪಂಚಾಯಿತಿಯದು ಅಥವಾ ನಗರಸಭೆಯದು. ಬಸ್ಸು ಎಲ್ಲಿ ನಿಲ್ಲಬೇಕೆಂಬುದು ಸಾರಿಗೆ ಸಂಸ್ಥೆಗೆ, ಗಾಡಿ ತೆಗೆಸುವುದು ಪೊಲೀಸರಿಗೆ ಸೇರಿದ್ದು. ಎಲ್ಲರ ಗಡಿಯೂ ಕೂಡುವ ಮೂಲೆ ಯಾರದೂ ಆಗುವುದಿಲ್ಲ. ಈ ಎಲ್ಲರೂ ಒಂದೇ ಮೇಜಿಗೆ ಬರುವ ಜಾಗ ಜಿಲ್ಲೆಯಲ್ಲಿ ಒಂದೇ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ರಸ್ತೆ ಸುರಕ್ಷತೆ ಕುರಿತ ಎಸ್. ರಾಜಶೇಖರನ್ ಪ್ರಕರಣದಲ್ಲಿ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಜಿಲ್ಲೆಗಳಲ್ಲೂ ಇದಿರಬೇಕೆಂದು ಆದೇಶಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 198ಎ, ರಸ್ತೆ ವಿನ್ಯಾಸದ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮೊತ್ತ ಸಣ್ಣದು, ಆದರೆ ರಸ್ತೆಯ ಆಕಾರವೂ ಸಾವಿಗೆ ಕಾರಣವಾಗಬಲ್ಲದು ಎಂದು ಕಾನೂನು ಒಪ್ಪಿಕೊಂಡಿರುವುದು ದೊಡ್ಡದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತಿನ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಅದೇ ವರ್ಷದ ಅಕ್ಟೋಬರ್ 7ರಂದು, ಪಾದಚಾರಿಗಳ ಸುರಕ್ಷತೆಗೂ ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳ ವಿನ್ಯಾಸ, ನಿರ್ವಹಣೆಯ ಮಾನದಂಡಕ್ಕೂ ಆರು ತಿಂಗಳಲ್ಲಿ ನಿಯಮ ರೂಪಿಸಿ ಎಂದು ರಾಜ್ಯಗಳಿಗೆ ಹೇಳಿತು. ಹೋಬಳಿ ರಸ್ತೆಗಳು ಬರುವುದು ಈ ಎರಡನೆಯ ಬಗೆಗೇ.

ಇಂಥ ನಿಯಮಗಳಲ್ಲಿ ಒಂದು ಸಾಲು ಸೇರಬೇಕು: ಜನವಸತಿಯ ಕೂಡುರಸ್ತೆಯನ್ನು ಸರಿಪಡಿಸಲು ಹಿಂದಿನ ಅಪಘಾತಗಳ ಸಂಖ್ಯೆ ಪೂರ್ವಷರತ್ತಾಗಬಾರದು. ಅದರ ಬದಲು ಅರ್ಜಿಯ ಜೊತೆ ಏನಿರಬೇಕು ಎಂಬುದನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸಿ ಮಾಡಬಹುದು. ಡೇರಿಯ ಹೊತ್ತಿಗೆ, ಶಾಲೆಯ ಹೊತ್ತಿಗೆ, ಸಂಜೆ ಕತ್ತಲಾಗುವ ಹೊತ್ತಿಗೆ ತಲಾ ಒಂದು ಗಂಟೆ ಎಷ್ಟು ಜನ ದಾಟಿದರು, ಎಲ್ಲಿ ದಾಟಿದರು, ಎಷ್ಟು ವಾಹನ ಥಟ್ಟನೆ ಬ್ರೇಕ್ ಹಾಕಿದವು ಎಂಬ ಎಣಿಕೆ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗುರುತು ಮಾಡಿ, ವಾಹನ ಆ ಅಂತರ ಹಾಯಲು ತೆಗೆದುಕೊಂಡ ಸೆಕೆಂಡುಗಳ ದಾಖಲೆ. ಆರು ಸೆಕೆಂಡಾದರೆ ಅದು 30ರ ವೇಗ, ಮೂರು ಸೆಕೆಂಡಾದರೆ 60. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಮಗುವಿನ ಕಣ್ಣಿನ ಮಟ್ಟದಲ್ಲಿ, ರಸ್ತೆಯ ಅಂಚಿನಿಂದ ಎಡಕ್ಕೂ ಬಲಕ್ಕೂ ತೆಗೆದ ಎರಡು ಫೋಟೊ. ಹೈಸ್ಕೂಲಿನ ಗಣಿತ ಮೇಷ್ಟ್ರು, ಡೇರಿಯ ಕಾರ್ಯದರ್ಶಿ, ಸ್ವಸಹಾಯ ಸಂಘದ ಇಬ್ಬರು ಸೇರಿದರೆ ಒಂದು ವಾರದಲ್ಲಿ ಮುಗಿಯುವ ಕೆಲಸ. ಈ ಹಾಳೆಗಳು ಪಂಚಾಯಿತಿಯ ಠರಾವಿನೊಂದಿಗೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಹೋಗಬೇಕು. ಸಮಿತಿ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಸಹಿ ಮತ್ತು ದಿನಾಂಕದ ಸಮೇತ.